ಚಿನ್ನತಂಬಿ ತಾತನ ಕಡೆಯ ಪಟ

ಚಿನ್ನತಂಬಿ ತಾತ ತೀರಿಕೊಂಡ ಸುದ್ದಿ ಪೆರಿಯಕುಳಕ್ಕೆ ಬಂದಾಗ ಮೊಮ್ಮಗ ಮುತ್ತಯ್ಯ ಮಾವಿನ ಮರದ ಮೇಲಿದ್ದ. ತಾತನ ಊರಾದ ಕೊಂಬೈಯಿಂದ ಬಸ್ಸಿನಲ್ಲಿ ಬಂದ ನೆಂಟ ಕೆಳಗೆ ನಿಂತೇ ಹೇಳಿದ. ಇಳಿಯುವುದನ್ನೇ ಮರೆತವನಂತೆ ಮುತ್ತಯ್ಯ ಬಹಳ ಹೊತ್ತು ಕೊಂಬೆ ಹಿಡಿದು ಕೂತಿದ್ದ.

ಅವನು ಕೊಂಬೈಗೆ ಬಂದಾಗ ತಾತನ ಮನೆಯ ಜಗುಲಿಯಲ್ಲಿ ಗಾಳಿಪಟದ ಬಿದಿರುಕಡ್ಡಿಗಳು ಕಟ್ಟಿ ಸಿದ್ಧವಾಗಿದ್ದವು. ಕಾಗದ ಅಂಟಿಸುವುದೊಂದು ಉಳಿದಿತ್ತು. ಬೆಟ್ಟದಿಂದ ಗಾಳಿ ಇಳಿದು ಬೀಸುವ ಆಷಾಢದಲ್ಲಿ, ಅಲ್ಲಿನವರ ಆಡಿ ತಿಂಗಳಲ್ಲಿ, ತಾತ ತಪ್ಪದೆ ಒಂದು ಪಟ ಕಟ್ಟುತ್ತಿದ್ದರು. ಅದರ ಪಕ್ಕದಲ್ಲಿ ಸೋದರಮಾವನ ಮಗಳು ವೀರಮ್ಮಾಳ್ ಅಳುತ್ತಿದ್ದಳು.

"ಅಳಬೇಡ ಹುಡುಗಿ, ಅಳಬೇಡ ಪುಳ್ಳೆ. ಬರೋ ಆಡಿಗೆ ಇದನ್ನ ನಾನೇ ಏರಿಸ್ತೀನಿ," ಎಂದುಬಿಟ್ಟ ಮುತ್ತಯ್ಯ. ಜನ್ಮದಲ್ಲಿ ಒಂದು ಪಟವನ್ನೂ ನೆಟ್ಟಗೆ ಹಾರಿಸಿದವನಲ್ಲ.

ವರ್ಷ ತಿರುಗಿ ತಾತನ ತಿಥಿ ಬಂತು. ಆಡಿ ಕಳೆದು ಆವಣಿ ತಿಂಗಳು ಹುಟ್ಟಿದ ಕೂಡಲೇ ವೀರಮ್ಮಾಳನ್ನು ಹೆಣ್ಣು ನೋಡಲು ಬೋಡಿ ಊರಿನ ಗಂಡಿನ ಕಡೆಯವರು ಬರುವವರಿದ್ದರು. ಮದುವೆಗೆ ವರಸೆಯಾಗುವ ಮುರೆ ಹುಡುಗ ಇರುವಾಗ ಹೊರಗಿನವರೇಕೆ ಎಂದು ಮುತ್ತಯ್ಯನ ತಾಯಿ ಗೋವಿಂದಮ್ಮಾಳ್ ವೀರಮ್ಮಾಳ ಅಪ್ಪನಾದ ತನ್ನ ಅಣ್ಣನನ್ನು ಕೇಳಿದ್ದಳು. "ನಿನ್ನ ಮಗ ಬಾಯಿ ಬಿಟ್ಟು ಕೇಳಲಿ," ಎಂದಿದ್ದ ಅಣ್ಣ. ಆ ಬಾಯಿ ಮಾತ್ರ ಇನ್ನೂ ತೆರೆದಿರಲಿಲ್ಲ.

ತಿಥಿಯ ಬೆಳಗ್ಗೆ ಪಟಕ್ಕೆ ಕೆಂಪು ಕಾಗದ ಅಂಟಿಸಿಕೊಂಡು ಮುತ್ತಯ್ಯ, ವೀರಮ್ಮಾಳ್ ಇಬ್ಬರೂ ಬಯಲಿಗೆ ಹೋದರು. ಪಟ ಮೊಳದೆತ್ತರ ಏರಿ, ದಪ್ಪೆಂದು ಬಿತ್ತು. ಮತ್ತೆ ಏರಿತು, ಮತ್ತೆ ಬಿತ್ತು.

ವೀರಮ್ಮಾಳ್ ಪಟದ ಬಾಲ ಮುಟ್ಟಿ, ಭಾವನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಇದೇನ್ ಮಚ್ಚಾನ್, ಹೊಸ ವೇಷ್ಟಿ!"

"ತಾತನ ಪಡೆಯಲಿಗೆ ಅಂತ, ಎಡೆ ಮುಂದೆ ಇಡೋಕೆ ಅಮ್ಮ ಕೊಟ್ಟ ಪಂಚೆ. ಅಂಚು ಹರಿದೆ. ಹಿರಿಯರ ಪಟಕ್ಕೆ ಹಳೇ ಬಟ್ಟೆ ಕಟ್ಟೋದಾ?"

"ಗಂಜಿ ಹಾಕಿದ ಬಟ್ಟೆ, ಕಲ್ಲಿನಂಗೆ ಭಾರ! ಪಟ ಏನು ಕಲ್ಯಾಣಕ್ಕೆ ಹೊರಟೈತಾ?"

ಸೊಂಟದ ಗಂಟಿನಿಂದ ಅವಳು ಒಂದು ಮಾಸಿದ ಬಟ್ಟೆಯ ತುಂಡು ತೆಗೆದಳು. ತಾತನ ಬಟ್ಟೆಯನ್ನೆಲ್ಲ ದಾನ ಕೊಟ್ಟ ದಿನ ಇದೊಂದನ್ನು ಬಚ್ಚಿಟ್ಟಿದ್ದಳಂತೆ. ಬಾಲ ಕಟ್ಟುವಾಗ ಅವಳ ಬೆರಳು ಅವನ ಬೆರಳಿಗೆ ತಗುಲಿತು. ಇಬ್ಬರೂ ಗಂಟನ್ನೇ ನೋಡುತ್ತಾ ನಿಂತರು. ಗಂಟು ಆಗಲೇ ಬಿಗಿದಾಗಿತ್ತು.

"ಗಾಳಿಗೆ ಬೆನ್ನು ಕೊಡಿ. ಎಳೀಬೇಡಿ, ಅದು ಕೇಳಿದಷ್ಟು ದಾರ ಬಿಡಿ," ಎಂದಳು ಅವಳು.

ಪಟ ಏರಿತು. ತೆಂಗಿನ ತಲೆ ದಾಟಿತು. ಮೇಲೆ ಮೇಲೆ ಹೋಗಿ ಬೆಟ್ಟದ ನೀಲಿಯಲ್ಲಿ ಕೆಂಪು ಚುಕ್ಕೆಯಾಯಿತು. ಮುತ್ತಯ್ಯ ಆಕಾಶ ನೋಡುವ ನೆಪದಲ್ಲಿ ಅವಳ ಮುಖ ನೋಡಿದ.

"ಪಟ ಮೇಲೈತೆ ಮಚ್ಚಾನ್."

"ಗೊತ್ತೈತೆ."

ಅಷ್ಟರಲ್ಲಿ ಗಾಳಿ ಹೊರಳಿತು. ಪಂಪ್‌ಸೆಟ್ಟಿಗೆಂದು ಹೊಸದಾಗಿ ಎಳೆದ ಕರೆಂಟ್ ಕಂಬಿಯ ಕಡೆಗೆ ಪಟ ವಾಲತೊಡಗಿತು. ವೀರಮ್ಮಾಳ್ ಓಡಿ ಬಂದು ದಾರ ಹಿಡಿದು ಎಳೆದಳು.

"ಕೈ ಬಿಡು ಪುಳ್ಳೆ!"

"ಬಿಡಲ್ಲ! ಇದು ತಾತನ ಕಡೇ ಪಟ!"

ಮುತ್ತಯ್ಯ ಅವಳ ಕೈಯ ಮುಂದಿನ ದಾರವನ್ನು ಹಲ್ಲಿನಲ್ಲಿ ಕಡಿದುಬಿಟ್ಟ. ಅವಳ ಕೈಯಲ್ಲಿ ತುಂಡು ದಾರವಷ್ಟೇ ಉಳಿಯಿತು. ಬೀಸಿದ ಗಾಳಿ ಪಟವನ್ನು ಕಂಬಿಯ ಮೇಲಿಂದ ದಾಟಿಸಿ, ಆಚೆ ಹುಣಸೆಯ ತುದಿಯಲ್ಲಿ ಕೂರಿಸಿತು.

ಅವಳ ಕಣ್ಣು ತುಂಬಿತು. "ಇನ್ನೊಂದು ಕಟ್ಟೋಕೆ ತಾತ ಬರ್ತಾರಾ?"

"ನಾ ಕಟ್ತೀನಿ, ಆಡಿಗೊಂದು. ನಿನಗೇನಾದ್ರೂ ಆಗಿದ್ರೆ ನಾ ಯಾರ್ ಕೈಲಿ ಬೈಸ್ಕೊಂಡು ಬಾಳಲಿ?"

ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಿಡಿದುಕೊಂಡು ಅವಳು ಅವನನ್ನೇ ನೋಡಿದಳು. ಆಮೇಲೆ ನೆಲ ನೋಡಿದಳು.

"ಕಂಬಿ ಹತ್ರ ಹೋದ್ರೆ ದಾರ ಬಿಟ್ಬಿಡು, ಪಟಕ್ಕಿಂತ ಮನುಷ್ಯ ದೊಡ್ಡೋನು ಅಂತ ತಾತಾನೂ ಹೇಳೋರು. ನಾನೇ ಮರೆತೆ."

"ಮರ ಹತ್ತಿ ಇಳಿಸ್ಲಾ?"

"ಬೇಡ. ಗಾಳಿ ನೋಡ್ಕೊಂಡು ಅಲ್ಲೇ ಇರ್ಲಿ. ನೀವು ಈಗ ಹೇಳಿದ್ದನ್ನ ಅಪ್ಪನ ಮುಂದೆ ಹೇಳಿ, ಸಾಕು."

ಹೇಳಿದ. ಮಾವ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಅವನನ್ನು ನೋಡಿದ. "ಅಡೇ, ನಿಂಗೂ ಬಾಯಿ ಐತಾ! ಬೋಡಿಯವರಿಗೆ ಬರಬೇಡಿ ಅಂತ ಹೇಳಿ ಕಳಿಸ್ತೀನಿ."

ಗೋವಿಂದಮ್ಮಾಳ್ ಅಳುತ್ತಲೇ ನಕ್ಕಳು. ಪಡೆಯಲಿನ ಎಲೆಯ ಮುಂದೆ, ಅಂಚು ಹರಿದ ಹೊಸ ವೇಷ್ಟಿಯ ಪಕ್ಕದಲ್ಲಿ, ವೀರಮ್ಮಾಳ್ ದೀಪ ಹಚ್ಚಿದಳು. ಇಬ್ಬರೂ ಜೊತೆಯಾಗಿ ನೆಲಕ್ಕೆ ಹಣೆ ಮುಟ್ಟಿಸಿ ಬೇಡಿಕೊಂಡರು.

ಪೆರುಮಾಳೇ, ನಮ್ಮನ್ನು ಸೇರಿಸಿ ಹೋದ ಆ ಹಿರಿಯ ಜೀವವನ್ನು ನಿನ್ನ ಪಾದದ ನೆರಳಲ್ಲಿ ಇರಿಸಿಕೋ. ಅದಕ್ಕೆ ಇನ್ನು ಬೀಳುವ ಭಯವಿಲ್ಲದಿರಲಿ, ಶಾಂತಿಯೊಂದೇ ಇರಲಿ.