ಪಿಕಪ್ ಇಲ್ಲದ ಕಾರು

ಆ ಬೂದು ಬಣ್ಣದ ಹಳೇ ಡೀಸೆಲ್ ಕಾರು ಮೂರನೇ ಸಲ ಅಂಗಡಿ ಮುಂದೆ ಬಂದು ನಿಂತಾಗ ಸರ್ವಮಂಗಳಾ ಹುಬ್ಬು ಗಂಟಿಕ್ಕಿದಳು. ಅದೇ ಗಳಿಗೆಯಲ್ಲಿ ಕೈ ಜಡೆಯ ಕಡೆ ಹೋಗಿದ್ದೂ ನಿಜ.

ಅದು ಎಂಬತ್ತಾರನೇ ಇಸವಿ. ಚನ್ನಗಿರಿಯಲ್ಲಿ ಗಾಡಿಗಳ ಡೀಸೆಲ್ ಪಂಪು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ರಿಪೇರಿ ಎಂದರೆ ಬೆನಕಪ್ಪನ ಅಂಗಡಿ. ಬೆನಕಪ್ಪನ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಮಗಳದೇ. ಇಪ್ಪತ್ನಾಲ್ಕರ ಸರ್ವಮಂಗಳಾ ಸದ್ದು ಕೇಳಿಯೇ ಯಾವ ನಾಝಲ್ ಕೈಕೊಟ್ಟಿದೆ ಎಂದು ಹೇಳುತ್ತಿದ್ದಳು. ಅವಳು ಮುಟ್ಟಿದ ಗಾಡಿ ಅದೇ ತೊಂದರೆಗೆ ವಾಪಸ್ ಬಂದಿದ್ದಿಲ್ಲ, ಜಗಳೂರಿನ ಕೊಟ್ರಬಸಪ್ಪನ ಈ ಬಾಡಿಗೆ ಕಾರೊಂದನ್ನು ಬಿಟ್ಟು.

ಮೊದಲ ಸಲ ನಾಝಲ್ ತೊಳೆದಿದ್ದಳು. ಎರಡನೇ ಸಲ ಪಂಪು ಬಿಚ್ಚಿ, ಫಿಲ್ಟರ್ ಬದಲಿಸಿದ್ದಳು. ಅವಳು ಕೆಲಸ ಮಾಡುವಷ್ಟು ಹೊತ್ತೂ ಕೊಟ್ರಬಸಪ್ಪ ಪಕ್ಕದಲ್ಲೇ ಕೂತಿರುತ್ತಿದ್ದ. ಅವಳು ಕೈ ಚಾಚುವ ಮೊದಲೇ ಬೇಕಾದ ಸ್ಪ್ಯಾನರ್ ಅಂಗೈಗೆ ಬರುತ್ತಿತ್ತು. ಹನ್ನೆರಡನೇ ನಂಬರೋ ಹದಿಮೂರೋ ಎಂದು ಒಮ್ಮೆಯೂ ತಪ್ಪಿದವನಲ್ಲ.

"ಈಗೇನ್ರೀ?" ಎಂದಳು ಸರ್ವಮಂಗಳಾ.

"ಅದೇ ರೀ, ಪಿಕಪ್ ಇಲ್ಲ. ಸ್ವಲ್ಪ ದೂರ ಚೆಂದಾಗಿ ಓಡ್ತೈತೆ. ಆಮೇಲೆ ಏರು ಬಂತು ಅಂದ್ರೆ ಜೀವನೇ ಇರಲ್ಲ. ಈಗ ಇಲ್ಲೇ ಬಂಕಿನಾಗೆ ಡೀಸೆಲ್ ಹಾಕಿಸ್ದೆ, ಮತ್ತೆ ಸರಿ ಆತು."

ಅವಳು ಸ್ಟಾರ್ಟ್ ಮಾಡಿ ನೋಡಿದಳು. ಸದ್ದಿನಲ್ಲಿ ತಪ್ಪಿಲ್ಲ, ಹೊಗೆಯಲ್ಲೂ ತಪ್ಪಿಲ್ಲ.

"ಗಾಡಿಗೆ ಏನೂ ಆಗಿಲ್ಲ. ನಿಮಗೇ ಏನೋ ಆಗೈತೆ," ಎಂದಳು ತುಟಿಯಂಚಿನಲ್ಲಿ ನಗುತ್ತ.

ಅವನ ಕಿವಿ ಕೆಂಪಾಯಿತು. "ಅದೂ ನಿಜ. ಆದ್ರೆ ಗಾಡಿಗೂ ಆಗೈತೆ ರೀ."

ಅವನು ನಗಲಿಲ್ಲ. "ಮೊನ್ನೆ ನಮ್ಮ ಕಡೆ ಸೊಕ್ಕೆ ಹಳ್ಳಿಯಿಂದ ಶಂಕ್ರಮ್ಮ ಅಂತ ಒಬ್ರನ್ನ ಹೆರಿಗೆಗೆ ದಾವಣಗೆರೆಗೆ ಕರ್ಕೊಂಡು ಹೊಂಟಿದ್ದೆ. ನಡುದಾರಿಯಾಗೆ ಗಾಡಿ ನಿಂತ್ಕಂತು. ಮಗು ಹಿಂದಿನ ಸೀಟಿನಾಗೇ ಹುಟ್ತು. ತಾಯಿ ಮಗು ಚೆನ್ನಾಗಿದಾರೆ, ದೇವರು ದೊಡ್ಡೋನು. ಇನ್ನೊಂದು ಸಲ ಹಂಗಾದ್ರೆ? ಈ ಸಲ ಸರಿ ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕಿಬಿಡ್ತೀನಿ."

ಅವಳ ಮುಖದ ನಗು ಇಳಿಯಿತು. ಆಡಿದ ಮಾತಿಗೆ ನಾಚಿಕೆಯಾಯಿತು. "ಇಲ್ಲಿ ಏನೂ ಬಿಚ್ಚೋದು ಬ್ಯಾಡ. ಅದು ಎಲ್ಲಿ ಕೆಡ್ತೈತೋ ಅಲ್ಲೇ ನೋಡಾಣ. ನಡೀರಿ."

ಬೆನಕಪ್ಪ ಸಾಮಾನಿನ ಚೀಲ ಹಿಡಿದು ಹಿಂದೆ ಕೂತ. ಅವಳು ಮುಂದೆ.

ಸೂಳೆಕೆರೆಯ ನೀರು ಬಿಸಿಲಿಗೆ ಹೊಳೆಯುತ್ತ ಕಿಟಕಿಯುದ್ದಕ್ಕೂ ಜೊತೆಗೆ ಬಂತು. ಅವಳು ಕಣ್ಣು ಮುಚ್ಚಿ ಎಂಜಿನ್ ಸದ್ದಿಗೆ ಕಿವಿಗೊಟ್ಟಿದ್ದಳು. ಕಣ್ಣು ತೆರೆದಾಗ ಅವನು ಇತ್ತಲೇ ನೋಡುತ್ತಿದ್ದ.

"ರಸ್ತೆ ನೋಡ್ರಿ."

"ನೋಡ್ತಾನೇ ಇದೀನಿ."

"ರಸ್ತೆ ಈ ಕಡೆ ಇಲ್ಲ."

ಸಂತೇಬೆನ್ನೂರು ದಾಟಿ ಒಂದು ಏರು ಬಂತು. ಕಾರು ಏದುಸಿರು ಬಿಟ್ಟಿತು, ಮುಗ್ಗರಿಸಿತು, ನಿಂತಿತು. ಅವಳಿಗೆ ಎಲ್ಲಿಲ್ಲದ ಖುಷಿ. ಇವನು ಸುಳ್ಳು ಹೇಳಿರಲಿಲ್ಲ!

ಇಳಿದು ಬಾನೆಟ್ ಎತ್ತಿದಳು. ಪಂಪಿಗೆ ಡೀಸೆಲ್ಲೇ ಬರುತ್ತಿರಲಿಲ್ಲ. ಪೈಪನ್ನು ಹಿಡಿದು ನೋಡುತ್ತ ಹಿಂದಕ್ಕೆ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಅದು ಬಿಗಿಯಾಗಿ ಹಿಡಿದುಕೊಂಡಿತ್ತು. ಬಲ ಹಾಕಿದಾಗ ಸುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು.

"ಈ ಮುಚ್ಚಳ ಎಲ್ಲಿಂದ ತಂದ್ರಿ?"

"ಹಳೇದು ಕಳೀತು ಅಂತ ಎರಡು ತಿಂಗಳ ಹಿಂದೆ ಗುಜರಿ ಅಂಗಡಿಯಾಗೆ ತಗಂಡೆ. ಯಾಕ್ರೀ?"

"ಇದಕ್ಕೆ ಗಾಳಿ ತೂತಿಲ್ಲ. ಡೀಸೆಲ್ ಖಾಲಿ ಆದಂಗೆಲ್ಲ ಒಳಗೆ ಗಾಳಿ ಹೋಗ್ಬೇಕು. ಇಲ್ಲಾಂದ್ರೆ ಟ್ಯಾಂಕು ಡೀಸೆಲ್ ಬಿಟ್ಟುಕೊಡಲ್ಲ. ಬಂಕಿನಾಗೆ, ಅಂಗಡಿಯಾಗೆ ಮುಚ್ಚಳ ತೆಗೆದಾಗೆಲ್ಲ ಗಾಳಿ ಹೋಗಿ ಸರಿ ಆಗ್ತಿತ್ತು." ಅವಳ ದನಿ ಇಳಿಯಿತು. "ತಪ್ಪು ನಂದೇ. ಎರಡು ಸಲ ಪಂಪು ಬಿಚ್ಚಿದೆ, ಮುಚ್ಚಳ ನೋಡ್ಲಿಲ್ಲ."

"ನೀವು ಎರಡು ಸಲ ತಪ್ಪಿದ್ದಕ್ಕೇ ನಾನು ಮೂರು ಸಲ ಬಂದಿದ್ದು. ನಂಗೇನೂ ಬ್ಯಾಸರ ಇಲ್ಲ."

ಬೆನಕಪ್ಪ ಮೋರಿ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ಅವಳು ಮುಚ್ಚಳವನ್ನು ಕಲ್ಲಿನ ಮೇಲಿಟ್ಟು, ಸಣ್ಣ ಮೊಳೆಯಿಟ್ಟು ಸುತ್ತಿಗೆಯಿಂದ ತೂತು ಹೊಡೆಯತೊಡಗಿದಳು. ಕೊಟ್ರಬಸಪ್ಪ ಅದನ್ನೇ ನೋಡುತ್ತಿದ್ದ.

"ಇನ್ನು ಚನ್ನಗಿರಿಗೆ ಬರಾಕೆ ಕಾರಣ ಇಲ್ಲ," ಎಂದ.

"ಕಾರಣ ಬೇಕಾ?"

ಅವನು ಅವಳ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. "ಸುತ್ತಿ ಬಳಸಿ ಹೇಳಾಕೆ ಬರಲ್ಲ ರೀ ನಂಗೆ. ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ."

ಸುತ್ತಿಗೆ ಅವಳ ಕೈಯಲ್ಲೇ ನಿಂತಿತು. "ನನ್ನ ನೋಡಾಕೆ ಬಂದ ಇಬ್ರು, ಮದ್ವೆ ಆದ್ಮೇಲೆ ಈ ಕೆಲಸ ಬಿಡ್ಬೇಕು ಅಂದ್ರು. ನಾನು ಬಿಡಲ್ಲ. ಅಪ್ಪನ್ನ ಬಿಟ್ಟು ದೂರನೂ ಹೋಗಲ್ಲ."

"ಬಿಡು ಅಂದೋರ್ಯಾರು? ಬಾಡಿಗೆ ಗಾಡಿ ಯಾವ ಊರಾಗಿದ್ರೂ ಓಡ್ತೈತೆ. ನಾನೇ ಚನ್ನಗಿರಿಗೆ ಬರ್ತೀನಿ."

ಅವಳು ತಲೆ ಎತ್ತಲಿಲ್ಲ. ಮುಚ್ಚಳ ಅವನ ಕೈಗಿಟ್ಟಳು. "ಹಂಗಾದ್ರೆ ಒಬ್ರೇ ಬರಬ್ಯಾಡ್ರಿ. ಹಿರಿಯರನ್ನ ಕರ್ಕೊಂಡು ಬರ್ರಿ."

ಕಟ್ಟೆಯಿಂದ ಬೆನಕಪ್ಪ ಕೂಗಿದ: "ಏನಾಗಿತ್ತಮ್ಮ?"

"ಮುಚ್ಚಳಕ್ಕೆ ತೂತು ಇರ್ಲಿಲ್ಲ ಅಪ್ಪಾ. ಸರಿ ಆತು."

"ಸರಿ ಆದ್ಮೇಲೆ ಇನ್ನೂ ಯಾಕೆ ನಿಂತೀರಿ?"

ಇಬ್ಬರೂ ಒಟ್ಟಿಗೇ ಬಾನೆಟ್ ಮುಚ್ಚಲು ಓಡಿದರು.

ಮುಂದಿನ ಸೋಮವಾರ ಕೊಟ್ರಬಸಪ್ಪ ತಾಯಿ ಶಿವಗಂಗಮ್ಮನನ್ನು ಕೂರಿಸಿಕೊಂಡು ಜಗಳೂರಿನಿಂದ ಎಲ್ಲಿಯೂ ನಿಲ್ಲದೆ ಬಂದ. ಹೇಳಿದ್ದಕ್ಕಿಂತ ಒಂದು ತಾಸು ಮೊದಲೇ! ಸರ್ವಮಂಗಳಾ ಇನ್ನೂ ಅಂಗಡಿಯಲ್ಲೇ ಇದ್ದಳು. ಗಾಬರಿಯಿಂದ ಎಣ್ಣೆ ಮೆತ್ತಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಶಿವಗಂಗಮ್ಮ ಹತ್ತಿರ ಬಂದು ಆ ಕೈಗಳನ್ನು ಹೊರಗೆಳೆದು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಯಾಕವ್ವ ಮುಚ್ಚಿಡ್ತೀಯಾ? ನಾನು ಈ ಕೈ ನೋಡಾಕೇ ಅಲ್ವಾ ಬಂದಿರೋದು."