ಭಾನುವಾರದ ಸಿಪಾಯಿಯ ಲಕೋಟೆ

ಟರ್ಕಿ ಕೋಳಿ ಬೇಯಿಸುವ ದೊಡ್ಡ ಪಾತ್ರೆಯ ಮುಚ್ಚಳ ಎತ್ತಿದ ರೊವೀನಾ ಹಾಗೇ ನಿಂತುಬಿಟ್ಟಳು. ಒಳಗೊಂದು ಕಂದು ಲಕೋಟೆ. ಮೇಲೆ ಬ್ಯಾಂಕಿನ ವಿಳಾಸ. ಅಕ್ಷರ ಅವಳದೇ...!

ಮರುದಿನ ಕೃತಜ್ಞತೆಯ ಹಬ್ಬ. ವರ್ಷಕ್ಕೊಮ್ಮೆ, ಈ ಹಬ್ಬಕ್ಕೆ ಮಾತ್ರ ಆ ಪಾತ್ರೆ ನೆಲಮಾಳಿಗೆಯಿಂದ ಮೇಲೆ ಬರುತ್ತಿತ್ತು. ಕಳೆದ ವರ್ಷ ಅದೂ ಇರಲಿಲ್ಲ. ರೊವೀನಾ ಸೈನ್ಯದ ಜೊತೆ ಪರದೇಶದಲ್ಲಿದ್ದಳು, ಗಂಡ ಡೆಲ್ ಮತ್ತು ಅತ್ತೆ ಆರ್ಡಿತ್ ಚರ್ಚಿನ ಸಭಾಂಗಣದಲ್ಲೇ ಉಂಡು ಬಂದಿದ್ದರು. ಈ ಸಲ ಅತ್ತೆಗೆ ಮಂಡಿನೋವು. "ಪಾತ್ರೆ ತಗೊಂಡು ಬಾ" ಎಂದು ಸೊಸೆಯನ್ನು ಕಳಿಸುವಾಗ, ಅದರೊಳಗೆ ಏನು ಬಚ್ಚಿಟ್ಟಿದ್ದೆ ಎಂಬುದನ್ನೇ ಆಕೆ ಮರೆತಿದ್ದಳು.

ನೆಬ್ರಾಸ್ಕದ ಆ ಪುಟ್ಟ ಊರಿನಲ್ಲಿ ರೊವೀನಾ ಮತ್ತು ಡೆಲ್ ಟೈರ್ ಅಂಗಡಿ ಇಟ್ಟಿದ್ದರು. ತಿಂಗಳಿಗೊಮ್ಮೆ, ಶನಿವಾರ-ಭಾನುವಾರ, ಅವಳು ಅರೆಕಾಲಿಕ ಸೈನ್ಯವಾದ ನ್ಯಾಷನಲ್ ಗಾರ್ಡ್‌ನಲ್ಲಿ ಸಾರ್ಜೆಂಟ್. ಹೋದ ವರ್ಷ ಜೂನ್‌ನಲ್ಲಿ ಪೂರ್ಣಾವಧಿ ಕರೆ ಬಂತು. ಹೊರಡುವ ಮುನ್ನ ಸೈನ್ಯದ ವಕೀಲರು ಬಿಡಿಸಿ ಹೇಳಿದ್ದರು: ಕರೆ ಬರುವ ಮೊದಲು ಮಾಡಿದ ಸಾಲಕ್ಕೆ, ಸೇವೆಯಲ್ಲಿರುವಷ್ಟು ಕಾಲ, ನೂರಕ್ಕೆ ಆರಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ. ಆದರೆ ಸೈನ್ಯದ ಆದೇಶದ ಪ್ರತಿಯೊಂದಿಗೆ ಪತ್ರ ಸಾಲ ಕೊಟ್ಟವರ ಕೈ ಸೇರಬೇಕು. ಸೇವೆ ಮುಗಿದ ನೂರ ಎಂಬತ್ತು ದಿನದೊಳಗಾದರೂ ಸೇರಬೇಕು. ಅಂಗಡಿಯ ಸಾಲಕ್ಕೆ ಬಡ್ಡಿ ಹದಿನೈದು! ಅವಳು ಅಂದೇ ಪತ್ರ ಬರೆದು ಆದೇಶದ ಪ್ರತಿ ಜೊತೆಗಿಟ್ಟಳು. "ಬ್ಯಾಂಕಿನ ಥರ್ಮನ್ ನಮ್ಮ ಚರ್ಚಿನವನೇ ಅಲ್ವಾ, ನಾನೇ ಕೈಯಲ್ಲೇ ಕೊಡ್ತೀನಿ ಬಿಡು" ಎಂದು ಆರ್ಡಿತ್ ಅದನ್ನು ಇಸಿದುಕೊಂಡಳು. ಹದಿನೈದು ದಿನ ಬಿಟ್ಟು ಫೋನಿನಲ್ಲಿ ಹೇಳಿದಳು: "ಆಗಲ್ವಂತಮ್ಮ. ಅದೆಲ್ಲ ನಿಜವಾದ ಸಿಪಾಯಿಗಳಿಗಂತೆ."

ರೊವೀನಾ ನಂಬಿದಳು! ಯಂತ್ರದ ಒಂದೊಂದು ತಿರುಪನ್ನೂ ಎರಡು ಸಲ ಪರೀಕ್ಷಿಸುವ ಹೆಣ್ಣು ಈ ಒಂದು ಮಾತನ್ನು ಪರೀಕ್ಷಿಸಲಿಲ್ಲ. ಒಂಬತ್ತು ವರ್ಷದಿಂದ ಊಟದ ಮೇಜಿನ ಮೇಲೆ "ನಮ್ಮನೆ ಭಾನುವಾರದ ಸಿಪಾಯಿ" ಎಂದು ಕೇಳಿ ಕೇಳಿ, ಅದು ಅತ್ತೆಯ ಕೊಂಕು ಎಂಬುದು ಮರೆತು ಕಾನೂನೇ ಹೀಗಿರಬಹುದು ಎನಿಸಿಬಿಟ್ಟಿತ್ತು. ಅವಳಿಲ್ಲದ ಒಂದು ವರ್ಷ ಅಂಗಡಿ ಸೊರಗಿತು, ಕಂತು ತಪ್ಪಿತು. ಬರುವ ಸೋಮವಾರ ದಿವಾಳಿ ಅರ್ಜಿಗೆ ಸಹಿ ಹಾಕಬೇಕಿತ್ತು. "ನೀವು ಸೇವೆಯಿಂದ ಬಂದು ಒಂದೂವರೆ ವರ್ಷ ಆಗಿಲ್ಲ, ದಿವಾಳಿಗೆ ಅರ್ಹರೇ ಅಂತ ಕೋರ್ಟು ನಿಮ್ಮ ಆದಾಯ ಅಳೆಯೋದಿಲ್ಲ, ಸುಲಭ" ಎಂದಿದ್ದರು ಊರಿನ ವಕೀಲರು. ಸುಲಭ! ಅಂಗಡಿ ಕಳೆದುಕೊಳ್ಳುವುದು ಸುಲಭ...

ರೊವೀನಾ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

"ಇದೇನು ಅತ್ತೆ?"

ಆರ್ಡಿತ್‌ಳ ಮುಖ ಒಂದು ಕ್ಷಣ ಬಿಳಿಚಿತು. ಮರುಕ್ಷಣವೇ ಗದ್ದ ಮೇಲೇರಿತು. "ಏನಾಗ್ಬೇಕು? ಭಿಕ್ಷೆ ಚೀಟಿ! ಭಾನುವಾರ ಭಾನುವಾರ ಅದೇ ಥರ್ಮನ್ ಪಕ್ಕ ಕೂತು ಪ್ರಾರ್ಥನೆ ಮಾಡೋಳು ನಾನು. ಬಡ್ಡಿ ಕಡಿಮೆ ಮಾಡಪ್ಪಾ ಅಂತ ಅವನ ಮುಂದೆ ಕೈಯೊಡ್ಡಲಾ? ತಿಂಗಳಿಗೆರಡು ದಿನ ಟೋಪಿ ಹಾಕ್ಕೊಂಡು ಮೆರೆಯೋಕೆ ಇಷ್ಟೊಂದು ಸವಲತ್ತು ಬೇರೆ!"

"ಅಮ್ಮಾ..." ಎಂದ ಡೆಲ್. ಒಂಬತ್ತು ವರ್ಷದಲ್ಲಿ ಅವನ ಪ್ರತಿಭಟನೆ ಆ ಒಂದು ಪದವನ್ನು ದಾಟಿರಲಿಲ್ಲ, ಇಂದೂ ದಾಟಲಿಲ್ಲ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತ.

"ಸಾಲ ಕೊಟ್ಟವನಿಗೆ ಒಂದು ಪತ್ರ ಕೊಡೋಕೆ ನಾಚಿಕೆ" ಎಂದಳು ರೊವೀನಾ ಮೆಲ್ಲಗೆ. "ಅಂಗಡಿ ಬಾಗಿಲಿಗೆ ಬೀಗ ಬಿದ್ರೆ ಊರು ಹೂ ಹಾಕುತ್ತಾ ಅತ್ತೆ? ನಿಮ್ಮ ಮಾನ ಅದೆಷ್ಟು ಅಗ್ಗ!"

ಅವಳು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ತನ್ನ ಸೇವೆ ಮುಗಿದ ಮೇ ಮೂವತ್ತೊಂದರಿಂದ ಬೆರಳಿಟ್ಟು ಎಣಿಸಿದಳು. ಎರಡು ಸಲ. ಇಂದು ನೂರ ಎಪ್ಪತ್ತೊಂಬತ್ತನೆಯ ದಿನ. ನಾಳೆ ಕೊನೆಯ ದಿನ. ನಾಳೆ ಬ್ಯಾಂಕೂ ಇಲ್ಲ, ಅಂಚೆಯೂ ಇಲ್ಲ. ಹಬ್ಬದ ಮುನ್ನಾದಿನ ಬ್ಯಾಂಕು ನಾಲ್ಕಕ್ಕೇ ಮುಚ್ಚುತ್ತದೆ. ಗಂಟೆ ಮೂರೂ ಇಪ್ಪತ್ತು.

"ಕೋಟು ಹಾಕ್ಕೊಳ್ಳಿ" ಎಂದಳು.

"ನಾನ್ಯಾಕೆ?"

"ಕೈಯಲ್ಲೇ ಕೊಡ್ತೀನಿ ಅಂದಿದ್ರಲ್ಲ. ಬನ್ನಿ, ಕೊಡಿ. ಇಲ್ಲಾಂದ್ರೆ ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ನಾನೇ ಹೇಳ್ತೀನಿ, ಪಾತ್ರೆ ಸಮೇತ."

ದಾರಿಯುದ್ದಕ್ಕೂ ಆರ್ಡಿತ್ ಬಿಕ್ಕಿದಳು. ಅದು ಪಶ್ಚಾತ್ತಾಪವಲ್ಲ, ಅವಮಾನ. ರೊವೀನಾಳಿಗೆ ಎರಡರ ವ್ಯತ್ಯಾಸ ಗೊತ್ತಿತ್ತು. ಅವಳು ಒಂದು ಕರವಸ್ತ್ರವನ್ನೂ ಕೊಡಲಿಲ್ಲ.

ಥರ್ಮನ್ ಕನ್ನಡಕ ಏರಿಸಿ ಪತ್ರವನ್ನೂ ಆದೇಶವನ್ನೂ ಪೂರ್ತಿ ಓದಿದ. "ಅಯ್ಯೋ, ಇದನ್ನ ಮೊದಲೇ ಕೊಟ್ಟಿದ್ರೆ ಆಗ್ತಿರ್ಲಿಲ್ವಾ! ಇಡೀ ವರ್ಷದ ಹೆಚ್ಚುವರಿ ಬಡ್ಡಿ ಬಿಟ್ಟುಬಿಡ್ಬೇಕು ನಾವು. ತಪ್ಪಿದ ಕಂತಿನ ಬಾಕಿಯೂ ಹೆಚ್ಚುಕಡಿಮೆ ಅಷ್ಟೇ ಇರೋದು. ಇಷ್ಟು ದಿನ ಎಲ್ಲಿತ್ತು?"

"ಅಂಚೆಯಲ್ಲಿ ತಡ ಆಯ್ತು" ಎಂದಳು ಆರ್ಡಿತ್, ತಟ್ಟನೆ.

ಥರ್ಮನ್ ಲಕೋಟೆಯ ಬಲಮೂಲೆ ನೋಡಿದ. ಅಲ್ಲಿ ಅಂಚೆಚೀಟಿ ಇರಲಿಲ್ಲ. ರೊವೀನಾಳನ್ನು ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆ ಸುಳ್ಳನ್ನು ಬಯಲು ಮಾಡುವಷ್ಟು ಬೆಲೆಯೂ ಅದಕ್ಕಿಲ್ಲ ಎಂಬಂತೆ. ಅವನು ತಾರೀಕಿನ ಮೊಹರು ಒತ್ತಿ, ಒಂದು ಪ್ರತಿ ಅವಳಿಗಿತ್ತು ಹೇಳಿದ: "ನಾನೂ ಆರು ವರ್ಷ ಗಾರ್ಡ್‌ನಲ್ಲಿದ್ದೆ ಆರ್ಡಿತ್, ನಿನಗೆ ಗೊತ್ತಿರ್ಲಿಲ್ವಾ? ಜನ ನಮ್ಮನ್ನ ಭಾನುವಾರದ ಸಿಪಾಯಿ ಅಂತ ಆಡ್ಕೋತಿದ್ರು. ಪೆದ್ದ ಜನ!"

ಆರ್ಡಿತ್ ನೆಲ ನೋಡಿದಳು.

ಮರುದಿನ ಮಧ್ಯಾಹ್ನ ಕೋಳಿ ಮೇಜಿಗೆ ಬಂತು. ಊಟಕ್ಕೆ ಮುನ್ನ ಒಬ್ಬೊಬ್ಬರಾಗಿ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳುವುದು ಆ ಮನೆಯ ಪದ್ಧತಿ. ಡೆಲ್ "ಅಂಗಡಿ ಉಳೀತಲ್ಲ, ಅದಕ್ಕೆ" ಎಂದ. ಆರ್ಡಿತ್ "ಕುಟುಂಬಕ್ಕೆ" ಎಂದಳು, ಯಾರನ್ನೂ ನೋಡದೆ.

"ನಾನು ಈ ಪಾತ್ರೆಗೆ" ಎಂದಳು ರೊವೀನಾ. "ಒಂದೂವರೆ ವರ್ಷ ನನ್ನ ಪತ್ರಕ್ಕೆ ಒಂದು ಕಲೆ ಕೂಡ ಆಗದ ಹಾಗೆ ಕಾಪಾಡ್ತು. ಮನೆಯಲ್ಲಿ ನಂಬೋಕೆ ಅದಾದ್ರೂ ಇತ್ತಲ್ಲ!"

ಪ್ರತಿ ವರ್ಷ ಮೊದಲ ಹೋಳು ಮಗನ ತಟ್ಟೆಗೆ ಬೀಳುತ್ತಿತ್ತು. ಆರ್ಡಿತ್ ಚಾಕು ಎತ್ತಿಕೊಂಡಳು, ಎದೆಯ ಒಳ್ಳೆಯ ಭಾಗ ಕೊಯ್ದಳು. ಅವಳ ಕೈ ಡೆಲ್‌ನ ತಟ್ಟೆಯನ್ನು ದಾಟಿ ಸೊಸೆಯ ಮುಂದೆ ಬಂದು ನಿಂತಿತು.

"ತಗೋ... ಸಾರ್ಜೆಂಟ್."

ಕ್ಷಮಿಸುವ ಮನಸ್ಸು ರೊವೀನಾಳಿಗೆ ಇನ್ನೂ ಬಂದಿರಲಿಲ್ಲ. ಬರುತ್ತದೆಂಬ ಭರವಸೆಯೂ ಇರಲಿಲ್ಲ. ಆದರೂ ಆ ಕೈ ಸೋಲುವ ಮುನ್ನ ತಟ್ಟೆಯನ್ನು ಮುಂದೊಡ್ಡಿದಳು.