ಲಾರಿಗೆ ಹಾಕಿದ ರಿಸೀವರ್

ನಮ್ಮ ಹೋಮ್ ಥಿಯೇಟರಿನ ಸ್ಪೀಕರುಗಳಿಗೆ ಸದ್ದು ಕೊಡುವ ರಿಸೀವರ್ ಪೆಟ್ಟಿಗೆ ಹಾಡಿನ ನಡುವೆಯೇ ಮೂಕವಾಗುತ್ತಿತ್ತು. ಆ ಮಾಡೆಲ್ಲಿಗೆ ಕಂಪನಿಯೇ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತ್ತು. ಆದರೂ ಸರ್ವಿಸ್ ಸೆಂಟರಿನವರು ಎರಡು ಸಲ ‘ಏನೂ ಕೆಟ್ಟಿಲ್ಲ’ ಎಂದು ಬರೆದು ವಾಪಸ್ ಕೊಟ್ಟಿದ್ದರು. ಮೂರನೇ ಸಲ ಅದನ್ನು ಹೊತ್ತು ಮೆಟ್ಟಿಲು ಹತ್ತುವಾಗಲೇ ನನಗೆ ತಲೆ ಕೆಟ್ಟಿತ್ತು. ಕೌಂಟರಿನವಳ ಜೊತೆ ಒಂದು ಗಂಟೆ ಕಿತ್ತಾಡಿ, ಕೊನೆಗೂ ಹೊಸದನ್ನು ಕೊಡಲು ಒಪ್ಪಿಸಿದೆ.

ಅಷ್ಟರಲ್ಲಿ ಮೆಕ್ಯಾನಿಕ್ ಒಳಗೆ ಕರೆದ. “ಸಾರ್, ನಿಮ್ಮ ಹಳೇದಕ್ಕೆ ಸ್ಪೀಕರ್ ಮಾತ್ರ ಹಾಕಿದೀನಿ. ಕರೆಂಟೇ ಕೊಟ್ಟಿಲ್ಲ. ಸ್ವಲ್ಪ ಕೇಳಿ.”

ಮುಟ್ಟಿದರೆ ಪೆಟ್ಟಿಗೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಸ್ಪೀಕರಿನಲ್ಲಿ ಯಾರೋ ಉಸಿರೆಳೆದುಕೊಂಡರು. “ಇನ್ನೂ ಎಷ್ಟೊತ್ತು ಜಗಳ ಆಡ್ತೀರಿ? ಮನೆಗೆ ಹೋಗೋಣ ಬನ್ನಿ.”

ಅದು ನನ್ನ ಹೆಂಡತಿಯ ದನಿ. ಗಂಟಲಿನ ಆಪರೇಷನ್ ಆಗಿ ಎರಡು ತಿಂಗಳಾದರೂ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ.

“ಹೊಸದು ಬೇಡ, ಇದನ್ನೇ ಕೊಡಿ” ಎಂದು ಗೋಗರೆದೆ.

“ಆಗಲ್ಲ ಸಾರ್, ಬರೆದಾಯ್ತು. ಕೆಟ್ಟಿದ್ದು ಕಂಪನಿಗೆ ಹೋಗ್ಲೇಬೇಕು” ಎಂದಳು ಕೌಂಟರಿನವಳು. ನನ್ನ ಕಣ್ಣೆದುರೇ ಅದನ್ನು ಲಾರಿಗೆ ಹಾಕಿದರು.

ಮನೆಗೆ ಬಂದಾಗ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದಳು. ನನ್ನನ್ನು ಕಂಡವಳೇ ಒಂದು ಚೀಟಿ ಬರೆದು ಕೊಟ್ಟಳು: “ಆಗಿನಿಂದ ಲಾರಿ ಓಡೋ ಸದ್ದು. ನಾನು ಎಷ್ಟು ಕೂಗಿದರೂ ಡ್ರೈವರಿಗೆ ಕೇಳಿಸ್ತಿಲ್ಲ.”